ಗಿಲ್ಬರ್ಟ್ ವಾಕರ್

ಸರ್ ಗಿಲ್ಬರ್ಟ್ ಥಾಮಸ್ ವಾಕರ್ (ಜೂನ್ 14, 1868 – ನವೆಂಬರ್ 4, 1958) ಬ್ರಿಟಿಷ್ ಗಣಿತಜ್ಞ, ಸಂಖ್ಯಾಶಾಸ್ತ್ರಜ್ಞ ಹಾಗೂ ಹವಾಮಾನ ವಿಜ್ಞಾನಿ. 1904ರಿಂದ 1924ರವರೆಗೆ ಭಾರತದ ವೀಕ್ಷಣಾಲಯಗಳ ಮಹಾನಿರ್ದೇಶಕರಾಗಿದ್ದರು. ಬೇರೆ ಬೇರೆ ಸ್ಥಳ ಮತ್ತು ಕಾಲಗಳ ಹವಾಮಾನ ದತ್ತಾಂಶಗಳಲ್ಲಿ ತೋರುವ ಸಂಬಂಧಗಳು ನಿಜವೋ ಆಕಸ್ಮಿಕವೋ ಎಂಬುದನ್ನು ಪರೀಕ್ಷಿಸುವ ವಿಧಾನಕ್ಕೆ ಹಾಗೂ 'ದಕ್ಷಿಣ ಆಂದೋಲನ'ದ ನಿರೂಪಣೆಗೆ ಇವರು ಹೆಸರಾಗಿದ್ದಾರೆ.

ಜನನ ಮತ್ತು ಶಿಕ್ಷಣ

ವಾಕರ್ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಜನಿಸಿದರು. ಲಂಡನ್ನಿನ ಸೇಂಟ್ ಪಾಲ್ಸ್ ಶಾಲೆಯಲ್ಲಿಯೂ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿಯೂ ವ್ಯಾಸಂಗ ಮಾಡಿ, 1889ರಲ್ಲಿ ಗಣಿತ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಪಡೆದು 'ಸೀನಿಯರ್ ರ‍್ಯಾಂಗ್ಲರ್' ಎನಿಸಿದರು. ಬೂಮರಾಂಗ್‌ನ ಹಾರಾಟವನ್ನು ಕುರಿತ ಅಧ್ಯಯನದಿಂದ ಗೆಳೆಯರ ವಲಯದಲ್ಲಿ 'ಬೂಮರಾಂಗ್ ವಾಕರ್' ಎಂದೇ ಪರಿಚಿತರಾಗಿದ್ದರು. 1904ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆಗಿ ಆಯ್ಕೆಯಾದರು.

ಭಾರತದಲ್ಲಿ

1876–78ರ ಕ್ಷಾಮವು ದಖ್ಖನ್ ಪ್ರಸ್ಥಭೂಮಿಯನ್ನು, ವಿಶೇಷವಾಗಿ ಇಂದಿನ ವಿಜಯಪುರ ಜಿಲ್ಲೆಯನ್ನು ಒಳಗೊಂಡಿದ್ದ ಅಂದಿನ ಕಲಾದಗಿ ಜಿಲ್ಲೆಯನ್ನು ತೀವ್ರವಾಗಿ ಬಾಧಿಸಿತು. ಸಿಂದಗಿ ತಾಲ್ಲೂಕಿನ ಕನ್ನೊಳ್ಳಿಯಂತಹ, ಮಳೆಯನ್ನೇ ನಂಬಿ ಜೋಳ ಬೆಳೆಯುವ ಊರುಗಳಲ್ಲಿ ಒಂದು ಮುಂಗಾರಿನ ವೈಫಲ್ಯವೆಂದರೆ ಅನ್ನದ ಅಭಾವವೇ ಆಗಿತ್ತು. ಹವಾಮಾನ ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲ್ಯಾನ್‌ಫೋರ್ಡ್ ಹಿಮಾಲಯದ ಹಿಮಪಾತವನ್ನು ಆಧರಿಸಿ ಮಳೆಯ ಮುನ್ಸೂಚನೆ ನೀಡಲಾರಂಭಿಸಿದರು. ಅವರ ಉತ್ತರಾಧಿಕಾರಿ ಜಾನ್ ಎಲಿಯಟ್ ಈ ಕಾರ್ಯವನ್ನು ವಿಸ್ತರಿಸಿದರಾದರೂ 1899ರ ಮುನ್ಸೂಚನೆ ಹುಸಿಯಾಗಿ, ದೇಶದ ಬಹುಭಾಗ ಮತ್ತೊಮ್ಮೆ ಬರಗಾಲಕ್ಕೆ ತುತ್ತಾಯಿತು.

ಎಲಿಯಟ್ ಅವರ ನಂತರ ಅಧಿಕಾರ ವಹಿಸಿಕೊಂಡ ವಾಕರ್ ಹವಾಮಾನಶಾಸ್ತ್ರದಲ್ಲಿ ತರಬೇತಿ ಪಡೆದವರಲ್ಲ. ಆಗಿನ ಸಿದ್ಧಾಂತಗಳಿಂದ ಮಾನ್ಸೂನನ್ನು ವಿವರಿಸುವುದು ಅಸಾಧ್ಯವೆಂದು ಕಂಡುಕೊಂಡು ಅವರು ಸಂಖ್ಯಾಶಾಸ್ತ್ರದ ಮೊರೆಹೊಕ್ಕರು. ಭಾರತೀಯ ಗುಮಾಸ್ತರ ನೆರವಿನಿಂದ, ಜಗತ್ತಿನ ಅನೇಕ ಕೇಂದ್ರಗಳ ವಾಯುಭಾರ, ಉಷ್ಣತೆ ಮತ್ತು ಮಳೆಯ ದಾಖಲೆಗಳ ನಡುವಣ ಸಹಸಂಬಂಧ ಗುಣಾಂಕಗಳನ್ನು ಕೈಯಿಂದಲೇ ಲೆಕ್ಕ ಹಾಕಿಸಿದರು.

1913ರಲ್ಲಿ ಮದರಾಸಿಗೆ ಭೇಟಿ ನೀಡಿದಾಗ ಶ್ರೀನಿವಾಸ ರಾಮಾನುಜನ್ ಅವರ ಗಣಿತ ಕಾರ್ಯವನ್ನು ಕಂಡು, ಅವರಿಗೆ ವಿದ್ಯಾರ್ಥಿವೇತನ ನೀಡುವಂತೆ ಮದರಾಸು ವಿಶ್ವವಿದ್ಯಾಲಯಕ್ಕೆ ಶಿಫಾರಸು ಮಾಡಿದರು.

ಸಂಖ್ಯಾಶಾಸ್ತ್ರೀಯ ಪರೀಕ್ಷೆ

ನೂರಾರು ಸಂಬಂಧಗಳನ್ನು ಹುಡುಕಿದಾಗ ಕೆಲವು ಕೇವಲ ಆಕಸ್ಮಿಕವಾಗಿ ಪ್ರಬಲವಾಗಿ ತೋರುತ್ತವೆ. ಒಂದು ಸಂಬಂಧವು ಆಕಸ್ಮಿಕವಾಗಿ ಕಾಣಿಸಿಕೊಳ್ಳುವ ಸಂಭವನೀಯತೆ ಶೇ. 5 ಎಂದಿಟ್ಟುಕೊಂಡರೆ, ಪರಸ್ಪರ ಸ್ವತಂತ್ರವಾದ 20 ಸಂಬಂಧಗಳಲ್ಲಿ ಒಂದಾದರೂ ಹಾಗೆ ಕಾಣುವ ಸಂಭವನೀಯತೆ ಸುಮಾರು ಶೇ. 64. ಆದುದರಿಂದ ಹಲವು ಗುಣಾಂಕಗಳಲ್ಲಿ ಅತಿ ದೊಡ್ಡದನ್ನು ಆಯ್ದುಕೊಂಡಾಗ, ಅದನ್ನು ಹೆಚ್ಚು ಕಠಿಣ ಮಾನದಂಡದಿಂದ ಅಳೆಯಬೇಕೆಂದು ವಾಕರ್ 1914ರಲ್ಲಿ ಪ್ರತಿಪಾದಿಸಿದರು. ಹವಾಮಾನದಲ್ಲಿ ಆವರ್ತಗಳನ್ನು ಕಂಡೆವೆನ್ನುವವರಿಗೂ ಇದೇ ನಿಯಮ ಅನ್ವಯಿಸಿತು. ಭಾರತದ ಹವಾಗುಣ ಶಾಶ್ವತವಾಗಿ ಬದಲಾಗುತ್ತಿದೆಯೆಂಬ ಅಂದಿನ ವಾದಕ್ಕೂ ದಾಖಲೆಗಳಲ್ಲಿ ಆಧಾರವಿಲ್ಲವೆಂದು ಅವರು ಅದಕ್ಕೆ ಮೊದಲೇ ತೋರಿಸಿದ್ದರು.

ಕಾಲಶ್ರೇಣಿಗಳನ್ನು ಕುರಿತ ಅವರ 1931ರ ಪ್ರಬಂಧವು ಉಡ್ನಿ ಯೂಲ್ ಅವರ ವಿಧಾನವನ್ನು ವಿಸ್ತರಿಸಿತು. ಇದರಿಂದ ಮೂಡಿದ 'ಯೂಲ್–ವಾಕರ್ ಸಮೀಕರಣಗಳು' ಇಂದಿಗೂ ಬಳಕೆಯಲ್ಲಿವೆ.

ದಕ್ಷಿಣ ಆಂದೋಲನ

ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಹೆಚ್ಚಿದಾಗ ಹಿಂದೂ ಮಹಾಸಾಗರದ ಮೇಲೆ ಕಡಿಮೆಯಾಗುವ, ಅದು ತಗ್ಗಿದಾಗ ಇದು ಏರುವ ಪ್ರವೃತ್ತಿಯನ್ನು ವಾಕರ್ ಗುರುತಿಸಿ 'ದಕ್ಷಿಣ ಆಂದೋಲನ' ಎಂದು ಕರೆದರು. ಉತ್ತರ ಅಟ್ಲಾಂಟಿಕ್ ಮತ್ತು ಉತ್ತರ ಪೆಸಿಫಿಕ್ ಆಂದೋಲನಗಳನ್ನೂ ನಿರೂಪಿಸಿದರು. ಆದರೆ ಇವುಗಳ ಭೌತಿಕ ಕಾರಣವನ್ನು ವಿವರಿಸಲು ಸಾಧ್ಯವಾಗದ ಕಾರಣ ಸಮಕಾಲೀನರಲ್ಲಿ ಹಲವರು ಸಂಶಯ ವ್ಯಕ್ತಪಡಿಸಿದರು. ಅವರು ಆಯ್ದ ಸೂಚಕಗಳಲ್ಲಿ ಕೆಲವು ನಂತರದ ದಶಕಗಳಲ್ಲಿ ದುರ್ಬಲಗೊಂಡವು.

ಕೊನೆಯ ವರ್ಷಗಳು ಮತ್ತು ಪರಂಪರೆ

1924ರಲ್ಲಿ ನಿವೃತ್ತರಾದ ವಾಕರ್ ಅದೇ ವರ್ಷ 'ಸರ್' ಪದವಿ ಪಡೆದು, 1934ರವರೆಗೆ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದರು. 1958ರಲ್ಲಿ, ತಮ್ಮ 90ನೆಯ ವಯಸ್ಸಿನಲ್ಲಿ, ಸರ‍್ರೆ ಕೌಂಟಿಯ ಕೂಲ್ಸ್‌ಡನ್‌ನಲ್ಲಿ ನಿಧನರಾದರು.

1969ರಲ್ಲಿ ಜೇಕಬ್ ಬ್ಯರ್ಕ್‌ನೆಸ್ ದಕ್ಷಿಣ ಆಂದೋಲನಕ್ಕೂ ಪೆಸಿಫಿಕ್ ಸಾಗರದ ಉಷ್ಣತೆಗೂ ಇರುವ ನಂಟನ್ನು ವಿವರಿಸಿ, ಸಮಭಾಜಕ ವೃತ್ತದ ವಾಯುಪರಿಚಲನೆಗೆ 'ವಾಕರ್ ಪರಿಚಲನೆ' ಎಂದು ಹೆಸರಿಟ್ಟರು. ಎಲ್ ನಿನೊ ಮತ್ತು ಭಾರತದ ಮಳೆಯ ಸಂಬಂಧವು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿದಂತೆ ಹಲವೆಡೆ ಸಂಶೋಧನೆಯ ವಿಷಯವಾಗಿದೆ.