ದಿನಕರ ದೇಸಾಯಿ: ಖಜಾನೆಯ ಲೆಕ್ಕ, ಮನೆಯ ಲೆಕ್ಕ

ದಿನಕರ ದೇಸಾಯಿಯವರ ಹೆಸರು ಕನ್ನಡದಲ್ಲಿ ಚುಟುಕದೊಂದಿಗೆ ಬೆಸೆದುಕೊಂಡಿದೆ. ಈ ಬೆಸುಗೆ ಎಷ್ಟು ಗಟ್ಟಿಯಾಗಿದೆಯೆಂದರೆ, ಅವರ ಬದುಕಿನ ಬಹುಭಾಗವನ್ನು ಆಕ್ರಮಿಸಿದ್ದ ಸಾರ್ವಜನಿಕ ದುಡಿಮೆ ಕವಿಪರಿಚಯದ ಕೊನೆಯ ಎರಡು ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಸರಕಾರದ ಹಣ ಎಲ್ಲಿಗೆ ಹೋಗುತ್ತದೆ, ಅದು ಹೋಗದ ಕಡೆ ಬಡವನ ಸಂಸಾರ ಏನನ್ನು ತೆರುತ್ತದೆ ಎಂಬ ಪ್ರಶ್ನೆ ಆ ದುಡಿಮೆಯ ಉದ್ದಕ್ಕೂ ಕಾಣುತ್ತದೆ. ಕವಿಯನ್ನು ಅರಿಯಲೂ ಈ ಎಳೆ ಅವಶ್ಯಕವೆಂದು ನನ್ನ ಭಾವನೆ.

ಅಂಕೋಲೆಯ ಸೀಮೆಯಲ್ಲಿ 1909ರ ಸೆಪ್ಟೆಂಬರ್ 10ರಂದು ಹುಟ್ಟಿದ ದೇಸಾಯಿಯವರು ಉನ್ನತ ಶಿಕ್ಷಣದ ನಂತರ ಭಾರತ ಸೇವಕ ಸಮಾಜವನ್ನು ಸೇರಿ ಮುಂಬಯಿಯನ್ನು ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡರು. 1905ರಲ್ಲಿ ಈ ಸಮಾಜವನ್ನು ಸ್ಥಾಪಿಸಿದ ಗೋಪಾಲಕೃಷ್ಣ ಗೋಖಲೆಯವರು ಆಯವ್ಯಯ ಪತ್ರವನ್ನು ಜನಸಾಮಾನ್ಯರ ಪರವಾಗಿ ಓದುವ ಪರಂಪರೆಯನ್ನೇ ನಿರ್ಮಿಸಿದ್ದರು. ಬೊಕ್ಕಸದಲ್ಲಿ ಹಣ ಮಿಗುತ್ತಿದ್ದರೂ ಉಪ್ಪಿನ ಮೇಲೆ ಮಣಕ್ಕೆ ಎರಡೂವರೆ ರೂಪಾಯಿ ಸುಂಕವೇಕೆ ಎಂದು 1902ರಲ್ಲಿ ಅವರು ಎತ್ತಿದ ಆಕ್ಷೇಪ ವ್ಯರ್ಥವಾಗಲಿಲ್ಲ. 1903ರಿಂದ 1907ರೊಳಗೆ ಆ ಸುಂಕ ಒಂದು ರೂಪಾಯಿಗೆ ಇಳಿಯಿತು. ಆದರೆ ಪ್ರಾಥಮಿಕ ಶಿಕ್ಷಣಕ್ಕಾಗಿ ಅವರು 1911ರಲ್ಲಿ ತಂದ ಮಸೂದೆ ಮರುವರ್ಷವೇ ಬಿದ್ದುಹೋಯಿತು. ದೇಸಾಯಿಯವರು ಕೈಗೆತ್ತಿಕೊಂಡದ್ದು ಹೀಗೆ ಅರ್ಧಕ್ಕೆ ನಿಂತ ಕೆಲಸವನ್ನು. 1938ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ಗ್ರಂಥದ ವಿಷಯ ಭಾರತದ ಪ್ರಾಥಮಿಕ ಶಿಕ್ಷಣದ ಹಿನ್ನೋಟ ಮತ್ತು ಮುನ್ನೋಟ.

ಆ ಕಾಲದ ಮುಂಬಯಿ ಪ್ರಾಂತದ ಹಣಕಾಸಿನಲ್ಲೊಂದು ವಿಪರ್ಯಾಸವಿತ್ತು. 1919ರ ಸುಧಾರಣೆಗಳ ಮೇಲೆ ಶಿಕ್ಷಣವು ಭಾರತೀಯ ಮಂತ್ರಿಗಳ ಪಾಲಿಗೆ ಬಂದಿತಾದರೂ ಅದಕ್ಕೆ ಬೇಕಾದ ಆದಾಯ ಬಹುಮಟ್ಟಿಗೆ ಅಬಕಾರಿಯನ್ನು ನೆಚ್ಚಿತ್ತು. ಕುಡಿದವನ ಮನೆಯ ಕಾಸು ಖಜಾನೆಗೆ ಹೋಗಿ, ಅದರ ಒಂದು ಪಾಲು ಅವನ ಮಗನ ಶಾಲೆಗೆ ಮರಳಬೇಕು! 1937ರಲ್ಲಿ ಅಧಿಕಾರಕ್ಕೆ ಬಂದ ಬಿ. ಜಿ. ಖೇರ್ ಅವರ ಸರಕಾರವು 1939ರ ಆಗಸ್ಟ್ 1ರಿಂದ ನಗರದಲ್ಲಿ ಪಾನನಿರೋಧವನ್ನು ಜಾರಿಗೆ ತಂದಾಗ, ನಷ್ಟವನ್ನು ತುಂಬಲು ಕಟ್ಟಡಗಳ ಮೇಲೆ ಹೊಸ ತೆರಿಗೆಯನ್ನು ಹೇರಬೇಕಾಯಿತು. ಖಜಾನೆಯ ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ಯಾರದೋ ಮನೆಯ ಕಡೆಗೇ ತೆರೆಯುತ್ತದೆ. ಪಾನನಿರೋಧದ ನೈತಿಕತೆಯನ್ನು ಕುರಿತು ಬರೆದವರು ಅನೇಕರು. ಈ ಲೆಕ್ಕವನ್ನು ಕುರಿತು ಬರೆದವರು ವಿರಳ.

1940ರಲ್ಲಿ ಹೊರಬಂದ ಅವರ ಇನ್ನೊಂದು ಇಂಗ್ಲಿಷ್ ಗ್ರಂಥ ನಾವಿಕ ಕಾರ್ಮಿಕರನ್ನು ಕುರಿತದ್ದು. ಹಡಗಿನ ಕೆಲಸ ಅಂದು ಸೆರಾಂಗರ ಮತ್ತು ದಲ್ಲಾಳಿಗಳ ಕೈಯಲ್ಲಿತ್ತು. ನಾವಿಕನು ಲಂಚ ಕೊಟ್ಟು ಕೆಲಸ ಹಿಡಿಯಬೇಕು; ಕೆಲಸ ಸಿಗುವತನಕ ಬಂದರಿನ ವಸತಿಗಳಲ್ಲಿ ಸಾಲದ ಮೇಲೆ ಉಣ್ಣಬೇಕು; ತಿಂಗಳುಗಟ್ಟಲೆ ಸಮುದ್ರದಲ್ಲಿ ದುಡಿದು ತಂದ ಸಂಬಳದಲ್ಲಿ ಮೊದಲು ಆ ಸಾಲವನ್ನು ತೀರಿಸಬೇಕು. ಊರಿನಲ್ಲಿ ಮನಿಯಾರ್ಡರಿಗಾಗಿ ಕಾಯುವ ಹೆಂಡಿರು ಮಕ್ಕಳಿಗೆ ಉಳಿಯುವುದು ಮಿಕ್ಕದ್ದು ಮಾತ್ರ. ಸರಕಾರವೇ ನೇಮಕಾತಿ ಕಚೇರಿಯನ್ನು ತೆರೆಯಬೇಕೆಂದು ಅದೇ ನೇಮಿಸಿದ ಸಮಿತಿ 1922ರಷ್ಟು ಹಿಂದೆಯೇ ಸೂಚಿಸಿದ್ದರೂ ವ್ಯವಸ್ಥೆ ಸರಿಯಾಗಿ ರೂಪುಗೊಂಡದ್ದು ಸ್ವಾತಂತ್ರ್ಯಾನಂತರವೇ. ಒಂದು ಕಚೇರಿ, ನಾಲ್ಕು ಗುಮಾಸ್ತರು: ಈ ಅಲ್ಪವೆಚ್ಚವನ್ನು ಉಳಿಸಿದ್ದರ ಬೆಲೆಯನ್ನು ಸಾವಿರಾರು ಕುಟುಂಬಗಳು ತೆತ್ತವು. ನಾವಿಕರ ಸಂಘಟನೆ ದೇಸಾಯಿಯವರ ಜೀವನದ ಪ್ರಧಾನ ಕಾರ್ಯಗಳಲ್ಲೊಂದಾದುದು ಈ ಹಿನ್ನೆಲೆಯಲ್ಲಿ.

ತವರು ಜಿಲ್ಲೆಯ ಸ್ಥಿತಿಯೂ ಭಿನ್ನವಾಗಿರಲಿಲ್ಲ. 1862ರಲ್ಲಿ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದ ಉತ್ತರ ಕನ್ನಡದ ಸಾಗುವಾನಿಯ ಹಣ ಮುಂಬಯಿಯ ಖಜಾನೆಗೆ ಹರಿಯುತ್ತಿತ್ತು. ಗೇಣಿಯ ಭಾರದಲ್ಲಿ ಬಾಗಿದ್ದ ಹಾಲಕ್ಕಿ ಒಕ್ಕಲಿಗರಂಥ ರೈತರ ಪರವಾಗಿ ಹೋರಾಟಕ್ಕಿಳಿದ ದೇಸಾಯಿಯವರನ್ನು ಸರಕಾರ ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಗದ್ದೆಯ ಬೆಳೆಯಲ್ಲಿ ಒಡೆಯನ ಪಾಲು ಅಳೆದುಹೋದ ಮೇಲೆ ಶಾಲೆಯ ಶುಲ್ಕವೆಂಬುದು ಆ ಮನೆಗಳ ಲೆಕ್ಕದಲ್ಲಿ ಬರುವಂತೆಯೇ ಇರಲಿಲ್ಲ.

ಇದಕ್ಕೆ ಅವರು ಕಂಡುಕೊಂಡ ಉತ್ತರ 1953ರಲ್ಲಿ ಸ್ಥಾಪನೆಗೊಂಡ ಕೆನರಾ ವೆಲ್ಫೇರ್ ಟ್ರಸ್ಟ್. ಖಾಸಗಿ ಶಾಲೆಗೆ ಸರಕಾರದ ಅನುದಾನವು ಶಾಲೆ ನಡೆಯತೊಡಗಿದ ಮೇಲೆ ಬರುವಂಥದು. ಕಟ್ಟಡ, ಪೀಠೋಪಕರಣ, ಮೊದಲ ಸಂಬಳಗಳಿಗೆ ಯಾರಾದರೂ ಕೈಯಿಂದ ಹಾಕಲೇಬೇಕು. ಆ ನಡುವಿನ ಅಂತರವನ್ನು ಟ್ರಸ್ಟು ಹೊತ್ತುಕೊಂಡಿತು. ಸರಕಾರ ಮಾಡಬೇಕಾದುದನ್ನು ದಾನಿಗಳಿಂದ ಮಾಡಿಸುವುದು ಸರಕಾರಕ್ಕೆ ವಿನಾಯಿತಿ ಕೊಟ್ಟಂತಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಹತ್ತು ವರ್ಷದ ಹುಡುಗ ಮುಂದಿನ ಪಂಚವಾರ್ಷಿಕ ಯೋಜನೆಯವರೆಗೆ ಹತ್ತು ವರ್ಷದವನಾಗಿಯೇ ಇರುವುದಿಲ್ಲವಲ್ಲ.

ಮುಂಬಯಿ ಮಹಾನಗರ ಪಾಲಿಕೆಯ ಸದಸ್ಯರಾಗಿಯೂ ಅವರು ದುಡಿದರು. ಅಂಧೇರಿಯಂಥ ಉಪನಗರಗಳು ಪಾಲಿಕೆಯ ವ್ಯಾಪ್ತಿಗೆ ಬಂದದ್ದು 1950ರಲ್ಲಿ. ಚಾಳಿನ ಒಂದೇ ಕೋಣೆಯಲ್ಲಿ ಸಂಸಾರ ಹೂಡಿದ ಕನ್ನಡಿಗನಿಗೆ ನಲ್ಲಿಯ ನೀರು, ಆಸ್ಪತ್ರೆ, ಕನ್ನಡ ಮಾಧ್ಯಮದ ಪಾಲಿಕೆ ಶಾಲೆ ಎಂದರೆ ಸಂಬಳದ ಜೊತೆಗಿನ ಎರಡನೆಯ ಸಂಬಳ.

1955ರಲ್ಲಿ ಅಂಕೋಲೆಯಿಂದ ಆರಂಭಿಸಿದ ಜನಸೇವಕ ವಾರಪತ್ರಿಕೆ 1972ರವರೆಗೆ ನಡೆಯಿತು. 1967ರಲ್ಲಿ ಅವರು ಕೆನರಾ ಕ್ಷೇತ್ರದಿಂದ ಪಕ್ಷೇತರರಾಗಿ ಲೋಕಸಭೆಗೆ ಆಯ್ಕೆಯಾದರು. ಚುಟುಕಗಳಲ್ಲಿ ಅವರು ಅಧಿಕಾರಸ್ಥರನ್ನು ಚುಚ್ಚಿದಾಗ ಅದರ ಹಿಂದೆ ಆಯವ್ಯಯವನ್ನು ಸಾಲುಸಾಲಾಗಿ ಓದಿಬಲ್ಲ ಕಣ್ಣಿತ್ತು; ನಾಲ್ಕು ಸಾಲುಗಳ ಮಿತವ್ಯಯವೂ ಅಲ್ಲಿಂದಲೇ ಬಂದಿರಬಹುದೇ ಎಂದು ಒಮ್ಮೊಮ್ಮೆ ಅನ್ನಿಸುವುದುಂಟು. 1982ರ ನವೆಂಬರ್ 6ರಂದು ಅವರು ತೀರಿಕೊಂಡರು. ಗೋಖಲೆಯವರ ಜನ್ಮಶತಾಬ್ದಿಯ ವರ್ಷವಾದ 1966ರಲ್ಲಿ ಅವರ ಟ್ರಸ್ಟು ಅಂಕೋಲೆಯಲ್ಲಿ ತೆರೆದ ಕಾಲೇಜಿಗೆ ಗೋಖಲೆ ಸೆಂಟಿನರಿ ಕಾಲೇಜೆಂದು ಹೆಸರಿಡಲಾಗಿದೆ.