ಸುಬೇದಾರರ ಪಿಂಚಣಿ

ಡಾ. ಬಾಬಾಸಾಹೇಬ ಅಂಬೇಡ್ಕರರ ವಿದ್ಯೆಯನ್ನು ನಾವೆಲ್ಲ ಕೊಂಡಾಡುತ್ತೇವೆ. ಆದರೆ ಅದಕ್ಕೆ ಮೊದಲು ಹಣ ತೆತ್ತವರನ್ನು ಅಷ್ಟಾಗಿ ನೆನೆಯುವುದಿಲ್ಲ. ತಂದೆ ರಾಮಜಿ ಸಕಪಾಳರು ಸೈನ್ಯದಲ್ಲಿ ಸುಬೇದಾರರು, ಸೈನಿಕ ಶಾಲೆಯ ಮುಖ್ಯ ಗುರುಗಳೂ ಹೌದು. 1891ರಲ್ಲಿ ಮಹೂ ದಂಡಿನಲ್ಲಿ ಭೀಮರಾಯರು ಹುಟ್ಟಿದ ಕೆಲವೇ ವರ್ಷಗಳಲ್ಲಿ ಅವರು ನಿವೃತ್ತರಾದರು. ನಮ್ಮ ನೆರೆಯ ಸಾತಾರಾದ ಶಾಲೆಯಲ್ಲಿ ಬಾಲಕ ಮನೆಯಿಂದ ಒಯ್ದ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂಡಬೇಕಿತ್ತು. ಮುಂದೆ ಮುಂಬಯಿಯಲ್ಲಿ ಒಂದೇ ಕೋಣೆಯ ಬಿಡಾರ. ಪಿಂಚಣಿ ಸಾಲದಾದಾಗ ರಾಮಜಿಯವರು ಮದುವೆಯಾದ ಹೆಣ್ಣುಮಕ್ಕಳ ಒಡವೆ ಕೇಳಿ ತಂದು, ಒತ್ತೆಯಿಟ್ಟು, ಮಗನಿಗೆ ಪುಸ್ತಕ ಕೊಳ್ಳುತ್ತಿದ್ದರು. ಆ ಅಕ್ಕಂದಿರ ಋಣವನ್ನೂ ನಾವು ಲೆಕ್ಕಕ್ಕೆ ಹಿಡಿಯಬೇಕು. 1907ರಲ್ಲಿ ಮೆಟ್ರಿಕ್ ಆಯಿತು. ಕಾಲೇಜಿಗೆ ಬಡೋದೆಯ ಸಯಾಜಿರಾವ್ ಮಹಾರಾಜರು ತಿಂಗಳಿಗೆ 25 ರೂಪಾಯಿ ಕೊಟ್ಟರು. 1913ರ ಫೆಬ್ರುವರಿಯಲ್ಲಿ ಸುಬೇದಾರರು ತೀರಿಕೊಂಡರು. ಅದೇ ಜುಲೈಯಲ್ಲಿ ಮಗ, ಮಹಾರಾಜರ ಶಿಷ್ಯವೇತನದ ಮೇಲೆ, ಕೊಲಂಬಿಯ ವಿಶ್ವವಿದ್ಯಾಲಯ ಸೇರಲು ನ್ಯೂಯಾರ್ಕಿಗೆ ಬಂದಿಳಿದರು.