ಹೋಟೆಲಿನ ಅಡಿಗೆಮನೆಯಲ್ಲಿ ಹೋ ಚಿ ಮಿನ್

ಹೋ ಚಿ ಮಿನ್ ಅವರು ವಿಯೆಟ್ನಾಂ ದೇಶದ ದೊಡ್ಡ ನಾಯಕರು. ಅವರು 1890ನೇ ಇಸವಿ ಮೇ 19ರಂದು ಒಂದು ಹಳ್ಳಿಯಲ್ಲಿ ಹುಟ್ಟಿದರು. ಅಪ್ಪ ಅಮ್ಮ ಇಟ್ಟ ಹೆಸರು ನ್ಗುಯೆನ್ ಸಿನ್ ಕುಂಗ್. ತಂದೆ ಓದಿದವರು, ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಇವರು ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡರು. ನಮ್ಮನ್ನು ಇಂಗ್ಲಿಷರು ಆಳಿದ ಹಾಗೆ ಅವರ ದೇಶವನ್ನು ಆಗ ಫ್ರೆಂಚರು ಆಳುತ್ತಿದ್ದರು.

ಇವರ ಹೋರಾಟದ ವಿಷಯ ಬಹಳ ಜನ ಬರೆದಿದ್ದಾರೆ. ಆದ್ದರಿಂದ ನಾನು ಇವರು ಹೋಟೆಲಿನಲ್ಲಿ ದುಡಿದ ದಿನಗಳ ಬಗ್ಗೆ ಜಾಸ್ತಿ ಬರೆಯುತ್ತೇನೆ.

ನಮ್ಮನ್ನು ಆಳುವವರ ದೇಶ ಹೇಗಿದೆ ಅಂತ ನೋಡಬೇಕು ಎಂದು ಅವರಿಗೆ ಆಸೆ. ಟಿಕೆಟಿಗೆ ದುಡ್ಡು ಎಲ್ಲಿಂದ ಬರಬೇಕು? 1911ರ ಜೂನ್ ತಿಂಗಳಲ್ಲಿ ಸೈಗಾನ್ ಬಂದರಿನಲ್ಲಿ ಒಂದು ಫ್ರೆಂಚ್ ಹಡಗಿಗೆ ಅಡಿಗೆಯ ಆಳಾಗಿ ಸೇರಿದರು. ಆಗ ವಯಸ್ಸು 21. ಹೆಸರು ಕೇಳಿದರೆ ಬಾ ಅಂತ ಮಾತ್ರ ಹೇಳಿದರು. ಬೆಳಗಿನ ಜಾವ ನಾಲ್ಕು ಗಂಟೆಗೇ ಎದ್ದು ಅಡಿಗೆಮನೆ ಗುಡಿಸಿ ತೊಳೆಯಬೇಕು, ಒಲೆ ಹಚ್ಚಬೇಕು, ಕಲ್ಲಿದ್ದಲು ಹೊರಬೇಕು. ಹಡಗಿನ ತಳದಿಂದ ತರಕಾರಿ, ಮಾಂಸ, ಐಸು ಎಲ್ಲಾ ಮೇಲೆ ತರಬೇಕು. ಹಡಗು ಅಲ್ಲಾಡುತ್ತಿರುವಾಗ ಮೂಟೆ ಹೊತ್ತು ಮೆಟ್ಟಿಲು ಹತ್ತುವುದು ಎಷ್ಟು ಕಷ್ಟ ನೀವೇ ಯೋಚಿಸಿ.

ಆಮೇಲೆ ಲಂಡನ್ನಿಗೆ ಹೋದರು. ಅಲ್ಲಿ ಮೊದಲು ಒಂದು ಶಾಲೆಯ ಅಂಗಳದಲ್ಲಿ ಹಿಮ ಎತ್ತಿ ಹಾಕುವ ಕೆಲಸ. ಚಳಿ ತಡೆಯಲಾಗದೆ ಅದನ್ನು ಬಿಟ್ಟರು. ನಂತರ ಕಾರ್ಲ್ಟನ್ ಎಂಬ ಹೋಟೆಲಿಗೆ ಸೇರಿದರು. ನಮ್ಮ ಬಸ್‌ಸ್ಟ್ಯಾಂಡ್ ಹೋಟೆಲಿನ ಹಾಗೆ ಅಲ್ಲ, ಭಾರಿ ಶ್ರೀಮಂತರು ಬಂದು ಇಳಿದುಕೊಳ್ಳುವ ಹೋಟೆಲು. ಅಲ್ಲಿಯ ಮುಖ್ಯ ಬಾಣಸಿಗರು ಎಸ್ಕೋಫಿಯೆ. ಅವರು ಫ್ರಾನ್ಸಿನವರು, ಪ್ರಪಂಚಕ್ಕೆಲ್ಲಾ ಹೆಸರಾದವರು. ಸಾರಿಗೆ ಬೇರೆ ಜನ, ಮಾಂಸ ಸುಡುವುದಕ್ಕೆ ಬೇರೆ ಜನ, ಸಿಹಿ ಮಾಡುವುದಕ್ಕೆ ಬೇರೆ ಜನ, ಹೀಗೆ ಅಡಿಗೆಮನೆಯನ್ನು ಸೈನ್ಯದ ಥರ ಭಾಗ ಮಾಡಿದ್ದರು. ಅದರಲ್ಲಿ ಎಲ್ಲರಿಗಿಂತ ಕೆಳಗಿನವರು ಎಂಜಲು ಪ್ಲೇಟು ತೆಗೆಯುವವರು. ಬಾ ಇದ್ದಿದ್ದು ಅಲ್ಲೇ.

ಒಂದು ಕಥೆ ಹೇಳುತ್ತಾರೆ. ಶ್ರೀಮಂತರು ಮುಟ್ಟದೇ ಬಿಟ್ಟ ದೊಡ್ಡ ದೊಡ್ಡ ಮಾಂಸದ ತುಂಡುಗಳನ್ನು ಉಳಿದವರು ಕಸದ ಡಬ್ಬಿಗೆ ಸುರಿಯುತ್ತಿದ್ದರಂತೆ. ಬಾ ಮಾತ್ರ ಅವನ್ನು ಚೊಕ್ಕವಾಗಿ ಬೇರೆ ಎತ್ತಿಡುತ್ತಿದ್ದರು. ಎಸ್ಕೋಫಿಯೆ ನೋಡಿ ಯಾಕೆ ಅಂತ ಕೇಳಿದರು. ಇದನ್ನು ಬಡವರಿಗೆ ಕೊಡಬಹುದಲ್ಲ ಅಂತ ಇವರು ಹೇಳಿದರು. ಎಸ್ಕೋಫಿಯೆಗೆ ಸಂತೋಷವಾಗಿ ಇವರನ್ನು ಕೇಕ್ ಮಾಡುವ ವಿಭಾಗಕ್ಕೆ ಹಾಕಿ ಕೆಲಸ ಕಲಿಸಿದರು, ಸಂಬಳವೂ ಹೆಚ್ಚಾಯಿತು. ಬೈಸಿಕೊಳ್ಳದೇ ಇದ್ದದ್ದೇ ನನಗೆ ಆಶ್ಚರ್ಯ. ಉಡುಪಿ ಕುಂದಾಪುರದ ಕಡೆಯಿಂದ ಬೊಂಬಾಯಿಗೆ ಹೋಗಿ ಲೋಟ ತೊಳೆದ ಎಷ್ಟೋ ಹುಡುಗರಿಗೆ ಇಂಥ ಯಜಮಾನ ಸಿಕ್ಕಿರಲಿಕ್ಕಿಲ್ಲ.

ಆ ಹೋಟೆಲು ಈಗ ಇಲ್ಲ. ಆ ಜಾಗದಲ್ಲಿ ಕಟ್ಟಿದ ನ್ಯೂಜಿಲೆಂಡ್ ಹೌಸ್ ಎಂಬ ಕಟ್ಟಡಕ್ಕೆ ಇವರು 1913ರಲ್ಲಿ ಇಲ್ಲಿ ಕೆಲಸ ಮಾಡಿದ್ದರು ಎಂದು ನೀಲಿ ಫಲಕ ಹಾಕಿದರು.

ಮುಂದೆ ಪ್ಯಾರಿಸ್ಸಿನಲ್ಲಿ ಫೋಟೋ ತಿದ್ದುವ ಕೆಲಸ ಮಾಡಿದರು. 1919ರಲ್ಲಿ ತಮ್ಮ ಜನರಿಗೆ ಹಕ್ಕು ಕೊಡಿ ಎಂದು ದೊಡ್ಡ ದೇಶಗಳಿಗೆ ಅರ್ಜಿ ಕೊಟ್ಟರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1929ರಲ್ಲಿ ತಂದೆ ತೀರಿಕೊಂಡಾಗ ಮಗ ದೇಶದಲ್ಲಿ ಇರಲಿಲ್ಲ. ತಾಯ್ನಾಡಿಗೆ ವಾಪಸ್ ಬಂದದ್ದು 1941ರಲ್ಲಿ, ಮೂವತ್ತು ವರ್ಷ ಆದ ಮೇಲೆ! 1945ರ ಸೆಪ್ಟೆಂಬರ್ 2ರಂದು ಹನೋಯ್ ಪಟ್ಟಣದಲ್ಲಿ ಸ್ವಾತಂತ್ರ್ಯ ಘೋಷಿಸಿದರು. ಫ್ರೆಂಚರು ಬಿಡಲಿಲ್ಲ, ಯುದ್ಧ ಮಾಡಿ 1954ರಲ್ಲಿ ಸೋತರು. ಆಮೇಲೆ ಅಮೆರಿಕದ ಜೊತೆ ಯುದ್ಧ. 1958ರಲ್ಲಿ ಅವರು ನಮ್ಮ ಭಾರತಕ್ಕೂ ಬಂದಿದ್ದರು.

1969ರ ಸೆಪ್ಟೆಂಬರ್ 2ರಂದು ಹೋ ಚಿ ಮಿನ್ ತೀರಿಕೊಂಡರು. ಯುದ್ಧ ಮುಗಿದದ್ದು 1975ರಲ್ಲಿ, ಅದನ್ನು ಅವರು ನೋಡಲಿಲ್ಲ. ಅಡಿಗೆಯ ಆಳಾಗಿ ಹಡಗು ಹತ್ತಿದ ಆ ಸೈಗಾನ್ ಪಟ್ಟಣಕ್ಕೆ 1976ರಲ್ಲಿ ಅವರ ಹೆಸರನ್ನೇ ಇಟ್ಟರು.